ದುಂಡಪ್ಪನ ಹೆಸರಿಗೆ ತ್ರಿವೇಣಿಯ ಹಲೋ

ವಡಗಾವಿಯ ಮಗ್ಗಗಳು ಸದ್ದು ಶುರುಮಾಡುವ ಮುಂಚೆಯೇ ತ್ರಿವೇಣಿ ಫೋನು ಹಿಡಿದು ಕೂತಿದ್ದಾರೆ. ಇರುವುದು ಒಂದೇ ಕೋಣೆ. ಒಲೆಯ ಮೇಲೆ ಚಹಾ, ಚಾಪೆಯ ಮೇಲೆ ಹಳೇ ಲ್ಯಾಪ್‌ಟಾಪು. "ನಮಸ್ಕಾರ್ರೀ. ಬಡಿಗ್ಯಾರ ಕೆಲಸ ಇನ್ನೂ ಮಾಡ್ತೀರಲ್ರೀ? ನಂಬರ ಇದ ಐತೇನ್ರೀ?" ಆ ಕಡೆಯವರು ಹ್ಞೂಂ ಎಂದು ಫೋನು ಇಟ್ಟುಬಿಡುತ್ತಾರೆ. ಕೆಲಸಕ್ಕೆ ಹೊರಟವರಿಗೆ ಮಾತಾಡಲು ಪುರಸೊತ್ತೆಲ್ಲಿ?

ಬೆಳಗಾವಿಯಲ್ಲಿ ಪ್ಲಂಬರ್, ಬಡಿಗ, ಹೊಲಿಗೆಯಂತ್ರ ರಿಪೇರಿಯವರನ್ನು ಹುಡುಕಿಕೊಡುವ ಒಂದು ವೆಬ್ ಡೈರೆಕ್ಟರಿ ಇದೆ. ಕೆಲಸದ ಹೆಸರು ಒತ್ತಿದರೆ ಬಡಾವಣೆ, ಬಡಾವಣೆ ಒತ್ತಿದರೆ ಕೆಲಸಗಾರರ ಹೆಸರು, ಪಕ್ಕದಲ್ಲೇ ನಂಬರು. ನಾವು ಶಿವಬಸವ ನಗರದ ಸೋಫಾದಲ್ಲಿ ಕೂತು ಹುಡುಕುತ್ತೇವೆ, ಸಿಕ್ಕರೆ ನಮ್ಮದೇ ಜಾಣತನವೆಂದು ಬೀಗುತ್ತೇವೆ. ಆ ನಂಬರಿನಲ್ಲಿ ನಿಜವಾಗಿ ಮನುಷ್ಯ ಇದ್ದಾನೋ ಇಲ್ಲವೋ ಎಂದು ನೋಡುವವರು ಈ ಹೆಣ್ಣುಮಗಳು. ದಿನಕ್ಕೆ ಎಪ್ಪತ್ತು ಎಂಬತ್ತು ಕರೆ ಮಾಡುತ್ತಾರೆ.

ತ್ರಿವೇಣಿಯದು ಖಾನಾಪುರದ ಕಾಡಂಚಿನ ಊರು, ಕುರಿ ಕಾಯುವ ಮನೆತನ. ಮದುವೆ ಮುರಿದ ಮೇಲೆ ಒಬ್ಬರೇ ಬೆಳಗಾವಿಗೆ ಬಂದರು. ಕನ್ನಡ, ಮರಾಠಿ ಎರಡೂ ನೀರು ಕುಡಿದಷ್ಟು ಸಲೀಸು, ಅದೇ ಈ ಕೆಲಸ ಕೊಡಿಸಿತು. ತೊಡಕು ಬಂದದ್ದು ತಮ್ಮೂರ ಕಡೆಯವರನ್ನು ಡೈರೆಕ್ಟರಿಗೆ ಸೇರಿಸಿದಾಗ. ಬಾವಿ ಹೂಳೆತ್ತುವ ದುಂಡಪ್ಪ, ಬಿದಿರಿನ ತಟ್ಟಿ ಕಟ್ಟುವವರು, ಕಂಬಳಿ ನೇಯುವವರು, ಇವರ ಊರುಗಳಲ್ಲಿ ಸಿಗ್ನಲ್ಲೇ ಇಲ್ಲ. ಫೋನು ಎತ್ತದವರ ಹೆಸರು ತೆಗೆಯಬೇಕೆಂಬುದು ಆಫೀಸಿನ ನಿಯಮ. ತ್ರಿವೇಣಿಗೆ ಮನಸ್ಸು ಬರಲಿಲ್ಲ. ಅವರೆಲ್ಲರ ಹೆಸರಿನ ಮುಂದೆ ತಮ್ಮದೇ ನಂಬರು ಹಾಕಿದರು. ಕರೆ ಬಂದರೆ ಖಾನಾಪುರದ ಬಸ್ಸಿನ ಕಂಡಕ್ಟರಿಗೆ ಹೇಳಿ ಸುದ್ದಿ ಮುಟ್ಟಿಸುತ್ತಾರೆ.

ಹೀಗಾಗಿ ಅವರ ಫೋನು ಇಡೀ ದಿನ ಬಡಿದುಕೊಳ್ಳುತ್ತಿರುತ್ತದೆ. ಎರಡು ತಿಂಗಳ ಹಿಂದೆ ನಾನು ಅವರ ಕೋಣೆಯಲ್ಲಿ ಕೂತಿದ್ದಾಗಲೇ ಐದಾರು ಕರೆ ಬಂದವು. ಒಂದೂ ಅವರಿಗಲ್ಲ. "ದುಂಡಪ್ಪ ಅದಾನೇನ್ರಿ ಅಂತಾರ, ತಟ್ಟಿಯಾವ್ರು ಎಲ್ಲಿ ಅಂತಾರ. ನೀ ಯಾರವಾ, ಹೆಂಗಿದ್ದಿ ಅಂತ ಒಬ್ರೂ ಕೇಳಂಗಿಲ್ರಿ. ಹಬ್ಬದ ದಿನಾ ಸೈತ" ಎಂದು ನಕ್ಕರು.

ಹೋದ ತಿಂಗಳು ಡೈರೆಕ್ಟರಿ ನಡೆಸುವ ಸುಜಯ ಅವರು ತ್ರಿವೇಣಿಯನ್ನು ಸದಾಶಿವನಗರದ ಆಫೀಸಿಗೆ ಕರೆಸಿದರು. ಇನ್ನು ಮುಂದೆ ಒಂದು ನಂಬರಿಗೆ ಒಂದೇ ಹೆಸರು, ಉಳಿದವು ತಾವಾಗಿಯೇ ಅಳಿಸಿಹೋಗುತ್ತವೆ ಎಂದರು. ಹೊಸ ಸಾಫ್ಟ್‌ವೇರಂತೆ. ಯಾರನ್ನು ಉಳಿಸುವುದು, ಯಾರನ್ನು ಬಿಡುವುದು? ಹೆಸರು ಹೋದರೆ ಪೇಟೆಯಿಂದ ಬರುವ ಕೆಲಸವೂ ಹೋಗುತ್ತದೆ. ತ್ರಿವೇಣಿ ಭಾನುವಾರ ಬಸ್ಸು ಹತ್ತಿ ಊರಿಗೇ ಹೋಗಿ ದುಂಡಪ್ಪನವರ ಮುಂದೆ ಕಷ್ಟ ಹೇಳಿಕೊಂಡರು. ಅವರು ಮೈಗೆ ಮೆತ್ತಿದ ಕೆಸರು ಒರೆಸಿಕೊಳ್ಳುತ್ತಾ, "ಅದಕ್ಯಾಕ ಅಳ್ತಿ ತಂಗಿ? ನಮ್ಮ ಹೆಸರೆಲ್ಲಾ ತಗಿ, ನಿನ್ನ ಹೆಸರ ಹಾಕು. ನೀ ಸಿಕ್ರ ನಾವೆಲ್ಲಾ ಸಿಕ್ಕಂಗ" ಎಂದರಂತೆ.

ಸುಜಯ ಅವರೂ ಒಪ್ಪಿದರು. ಈಗ ಖಾನಾಪುರದ ಬಾವಿ ಕೆಲಸ ಒತ್ತಿದರೂ, ತಟ್ಟಿ ಒತ್ತಿದರೂ, ಕಂಬಳಿ ಒತ್ತಿದರೂ ಬರುವುದು ತ್ರಿವೇಣಿಯ ಹೆಸರು. ಈಚೆಗೆ ಮತ್ತೆ ಹೋದಾಗ, ಇದರಿಂದ ನಿಮಗೇನು ಸಿಕ್ಕಿತು ಎಂದು ಕೇಳಿದೆ. ಅವರು ಕೈಯಲ್ಲಿದ್ದ ಫೋನು ಚಾಪೆಯ ಮೇಲಿಟ್ಟರು.

"ಮೊನ್ನೆ ಒಬ್ರು ಫೋನ್ ಮಾಡಿ, ತ್ರಿವೇಣಿ ಅವರೇನ್ರೀ ಅಂದ್ರು. ಹೌದ್ರಿ, ನಾನ ಅಂದೆ. ಅವ್ರಿಗೆ ಬೇಕಾಗಿದ್ದು ದುಂಡಪ್ಪಣ್ಣ ಬಿಡ್ರಿ. ಆದ್ರ ಮೊದಲ ನನ್ನ ಕೇಳಿದ್ರಲ್ರೀ."