ಒಲೆ ಎಣಿಸಲು ಬಂದವರು

ಆ ಭಾನುವಾರ ನಮ್ಮ ಮನೆಯ ಜಗಲಿಯ ಮೇಲೆ ಇದ್ದವರು ಮೂರೇ ಜನ. ಬೆತ್ತದ ಕುರ್ಚಿಯಲ್ಲಿ ಹೌಸಿಂಗ್ ಸೊಸೈಟಿಯ ಇನ್‌ಸ್ಪೆಕ್ಟರು. ಎದುರಿಗೆ ಮಡಿಸುವ ಕುರ್ಚಿಯಲ್ಲಿ, ಅದು ಯಾವ ಗಳಿಗೆಯಲ್ಲಿ ತಮ್ಮನ್ನೂ ಸೇರಿಸಿ ಮಡಿಸಿಕೊಳ್ಳುವುದೋ ಎಂಬ ಎಚ್ಚರದಲ್ಲಿ, ಕಾಲೊನಿ ಸಂಘದ ಪ್ರೆಸಿಡೆಂಟರಾದ ಮುನಿರಾಮಯ್ಯನವರು. ಬೇರೆ ಕುರ್ಚಿ ಇಲ್ಲದ್ದರಿಂದ ಮೆಟ್ಟಿಲ ಮೇಲೆ ಸೆಕ್ರೆಟರಿಯಾದ ನಾನು. ಒಳಗೆ ನನ್ನ ಹೆಂಡತಿ ಕಾಫಿ ಬೆರೆಸುತ್ತಿದ್ದಳು. ಅವಳನ್ನು ಬಿಟ್ಟು ಮೂರೇ ಜನ ಎಂದು ಲೆಕ್ಕ ಹಾಕಿದ್ದು ಎಂಥ ದಡ್ಡತನವೆಂದು ನನಗೆ ಮುಂದಿನ ಭಾನುವಾರ ತಿಳಿಯಿತು. ಗಂಡಸರು ಜಗಲಿಯ ಮೇಲೆ ಗುಟ್ಟು ಮಾತಾಡುವುದೆಂದರೆ ಅಡಿಗೆಮನೆಗೆ ರೇಡಿಯೋ ಹಾಕಿಕೊಟ್ಟ ಹಾಗೆ.

ಗುಟ್ಟು ಏನೆಂದರೆ, ಯಾರ ಮನೆಯಲ್ಲಿ ಯಾರು ವಾಸವಿದ್ದಾರೆ ಎಂಬುದು. ನೀವು ನಗಬಹುದು. ಇದೂ ಒಂದು ಪ್ರಶ್ನೆಯೇ? ಬಾಗಿಲು ತಟ್ಟಿದರೆ ಗೊತ್ತಾಗುತ್ತದಲ್ಲ? ಹಾಗೆಂದುಕೊಂಡೇ ನಾನೂ ಸೆಕ್ರೆಟರಿಯಾಗಲು ಒಪ್ಪಿದ್ದು. ಸೇಲಂನ ಅಂಚಿನಲ್ಲಿ, ತಾರಮಂಗಲದ ಬಸ್ಸು ಧೂಳೆಬ್ಬಿಸಿ ತಿರುಗುವ ಕಡೆ, ಸಣ್ಣ ಸಂಬಳದವರಿಗೆಂದು ಕಟ್ಟಿದ ಮನೆಗಳು ನಮ್ಮವು. ಮುಂದೆ ಒಂದು ಹಾಲ್, ಒಂದು ಅಡಿಗೆಮನೆ, ಕೂರಲು ಜಗಲಿ, ಹಿಂದೆ ಬಟ್ಟೆ ಒಗೆಯುವಷ್ಟು ಹಿತ್ತಲು. ಅಗ್ಗವಾಗಿ ಕೊಟ್ಟ ಸೊಸೈಟಿ ಒಂದೇ ಒಂದು ಷರತ್ತು ಹಾಕಿತ್ತು: ಮನೆ ಪಡೆದವರು ತಾವೇ ಅದರಲ್ಲಿ ವಾಸವಿರತಕ್ಕದ್ದು, ಬಾಡಿಗೆಗೆ ಕೊಡಕೂಡದು, ತಪ್ಪಿದರೆ ಮನೆ ವಾಪಸು. ಈ ಒಂದು ಸಾಲನ್ನು ಪಾಲಿಸುವಂತೆ ನೋಡಿಕೊಳ್ಳಲು ಹೋಗಿ ನಾನು ಕಳೆದುಕೊಂಡ ಸ್ನೇಹ, ನಿದ್ದೆ, ತಲೆಗೂದಲು ಇವುಗಳಿಗೆ ಸೊಸೈಟಿ ಇಂದಿಗೂ ರಸೀತಿ ಕೊಟ್ಟಿಲ್ಲ.

ವಾಸವಿರುವುದು ಎಂದರೇನು, ಹೇಳಿ ನೋಡೋಣ. ನಮ್ಮ ಬಸ್ಸು ಹೋಗುವ ತಾರಮಂಗಲದಲ್ಲಿ ಕೈಲಾಸನಾಥನ ದೊಡ್ಡ ಗುಡಿಯಿದೆ. ಹೆಸರೇ ಹೇಳುವಂತೆ ಸ್ವಾಮಿಯ ಪರ್ಮನೆಂಟ್ ಅಡ್ರೆಸ್ಸು ಕೈಲಾಸ. ವಾಸ ತಾರಮಂಗಲದಲ್ಲಿ. ನಮ್ಮ ಇನ್‌ಸ್ಪೆಕ್ಟರೇನಾದರೂ ಆ ಕಡೆ ಹೋಗಿದ್ದರೆ ಗರ್ಭಗುಡಿಗೆ ನೋಟೀಸು ಅಂಟಿಸಿ ಬರುತ್ತಿದ್ದರು. ಶಿವನ ಗತಿಯೇ ಹೀಗಿರುವಾಗ ಸುಬ್ಬಣ್ಣನ ಪಾಡೇನು?

ಸುಬ್ಬಣ್ಣ ನಮ್ಮ ಎದುರು ಸಾಲಿನ ಮನೆಯ ಮಾಲೀಕ. ಇರುವುದು ತಾರಮಂಗಲದಲ್ಲಿ, ಜವಳಿ ಅಂಗಡಿಯ ಮಹಡಿ ಮೇಲೆ. ತಪಾಸಣೆಯ ದಿನ ಮಾತ್ರ ಮೊದಲ ಬಸ್ಸಿಗೆ ಬಂದು, ಶರ್ಟು ಬಿಚ್ಚಿ, ಬನಿಯನ್ನಿನಲ್ಲಿ ಜಗಲಿಯ ಮೇಲೆ ಕೂತು ಪೇಪರು ಹಿಡಿಯುತ್ತಿದ್ದ. ಬನಿಯನ್ ಹಾಕಿದವ ಯಜಮಾನ, ಶರ್ಟು ಹಾಕಿದವ ನೆಂಟ, ಇದು ನಮ್ಮ ಕಾಲೊನಿಯ ಕಾನೂನು. ಒಳಗಿದ್ದ ಬಾಡಿಗೆಯವರು ಆ ದಿನದ ಮಟ್ಟಿಗೆ ಅವನ ತಂಗಿಯ ಸಂಸಾರ. ಎಲ್ಲವೂ ಸರಿಯಾಗಿ ನಡೆದು, ಇನ್‌ಸ್ಪೆಕ್ಟರು ಮೆಟ್ಟಿಲಿಳಿಯುವ ಹೊತ್ತಿಗೆ ಆ ಮನೆಯ ಪುಟಾಣಿ ಬೀದಿಯಿಂದ ಓಡಿ ಬಂದು, "ಅಮ್ಮಾ! ಹೌಸ್ ಓನರ್ ಮಾಮಾ ವಂದುಟ್ಟಾರು!" ಎಂದು ಸಾರಿತು. ಹೌಸ್ ಓನರ್ ಮಾಮ ಬಂದರಂತೆ! ಸುಬ್ಬಣ್ಣ ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿದ. ಆದರೂ ಏನೂ ಆಗಲಿಲ್ಲ. ಮಗುವಿನ ಮಾತು ಸಾಕ್ಷಿಯಾಗುವುದಿಲ್ಲವಂತೆ.

ಈ ಬೇಸರದಲ್ಲೇ ಇನ್‌ಸ್ಪೆಕ್ಟರು ಆ ಭಾನುವಾರ ನನ್ನ ಮೆಟ್ಟಿಲು ಹತ್ತಿದ್ದು. ಇನ್ನೂ ಮದುವೆಯಾಗದ ಹುಡುಗ, ಒಳ್ಳೆಯವನು, ಅಪ್ಪಟ ತಮಿಳಿನವನು. ಜೇಬಿನಿಂದ ಒಂದು ಮೊಟ್ಟೈ ಪೆಟಿಷನ್ ತೆಗೆದರು. ಮೊಟ್ಟೈ ಎಂದರೆ ಬೋಳು. ಕೆಳಗೆ ಸಹಿ ಇಲ್ಲದ ಅರ್ಜಿಗೆ ಸೇಲಂನಲ್ಲಿ ಆ ಹೆಸರು. ನಮ್ಮ ಪಕ್ಕದ ಮನೆಯ ಕೆಂಪಮ್ಮ ಕಾರಿಮಂಗಲದಲ್ಲೇ ಇರುತ್ತಾಳೆ, ಇಲ್ಲಿ ಒಬ್ಬ ಲಾರಿ ಡ್ರೈವರು ಸಂಸಾರ ಹೂಡಿದ್ದಾನೆ ಎಂದು ಅದರಲ್ಲಿತ್ತು.

ಅರ್ಧ ಸುಳ್ಳು, ಅರ್ಧ ನಿಜ. ಇಂಥದ್ದೇ ಮನುಷ್ಯನ ಪ್ರಾಣ ತಿನ್ನುವುದು. ಕೆಂಪಮ್ಮಕ್ಕನ ಗಂಡ ಮಿಲ್ಲಿನಲ್ಲಿ ವಾಚ್‌ಮ್ಯಾನ್ ಆಗಿದ್ದು, ಮನೆ ಕೈಗೆ ಬಂದ ಸ್ವಲ್ಪ ದಿನಕ್ಕೇ ತೀರಿಕೊಂಡ. ಮಕ್ಕಳಿಲ್ಲ. ಬೋಳು ಮನೆಯಲ್ಲಿ ಒಬ್ಬಳೇ ಮಲಗಲಾರದೆ ಆಕೆ ಮುಂದಿನ ಕೋಣೆಯನ್ನು ಡ್ರೈವರ್ ಮುರುಗೇಸನಿಗೂ ಅವನ ಹೆಂಡತಿ ಸೆಲ್ವಿಗೂ ಬಿಟ್ಟುಕೊಟ್ಟು, ತಾನು ಅಡಿಗೆಮನೆ ಹಿಡಿದಿದ್ದಳು. ಕಾರಿಮಂಗಲದ ಹತ್ತಿರ ತಮ್ಮನ ಕುರಿಹಿಂಡು ಇತ್ತು. ಕುರಿ ಮರಿ ಹಾಕುವ ಕಾಲಕ್ಕೆ ಅಲ್ಲಿಗೆ ಹೋಗುವಳು. "ನಮ್ ನಾದ್ನಿಗೆ ಏನ್ ಬತ್ತದೆ? ಮರಿ ತಲೆ ಯಾವ್ದು ಬಾಲ ಯಾವ್ದು ಅಂತ್ಲೇ ಗೊತ್ತಾಗಲ್ಲ" ಎಂದು ಬೈದುಕೊಂಡು ಬಸ್ಸು ಹತ್ತುವಳು, ಬೈದುಕೊಂಡು ಇಳಿಯುವಳು. ಆಕೆಗೆ ಈ ಮನೆ ಬಿಟ್ಟರೆ ತಲೆ ಮೇಲೆ ಸ್ವಂತದ ಹಂಚು ಇನ್ನೆಲ್ಲೂ ಇರಲಿಲ್ಲ. ತಮ್ಮನ ಮನೆ ತಮ್ಮನ ಹೆಂಡತಿಯದು.

"ಇದಕ್ಕೆಲ್ಲ ಯಾಕೆ ಸಾರ್ ತಲೆ ಕೆಡಿಸಿಕೊಳ್ತೀರಿ" ಎಂದರು ಮುನಿರಾಮಯ್ಯನವರು. ಅವರು ನಲ್ಲಂಪಳ್ಳಿ ಕಡೆ ಊರ ಮಣಿಯಗಾರರಾಗಿ ಕಂದಾಯ ಎತ್ತಿ ರಿಟೈರಾದವರು. ಜಗತ್ತಿನ ಯಾವ ಪ್ರಶ್ನೆಗೂ ಅವರ ಹಳ್ಳಿಯಲ್ಲಿ ಉತ್ತರವಿತ್ತು. "ಅಣ್ಣತಮ್ಮಂದಿರು ಪಾಲಾದರೋ ಇಲ್ಲವೋ ಅಂತ ನಾವು ಹೇಗೆ ಕಂಡುಹಿಡೀತಿದ್ವಿ? ಒಲೆ ನೋಡ್ತಿದ್ವಿ. ಒಲೆ ಬೇರೆಯಾದರೆ ಮನೆ ಬೇರೆ. ನೆಂಟನಿಗೆ ಯಾರಾದರೂ ಬೇರೆ ಒಲೆ ಹೂಡ್ತಾರಾ? ಒಲೆ ಎಣಿಸಿ ಸಾರ್. ಎರಡಿದ್ದರೆ ಒಬ್ಬ ಬಾಡಿಗೆಯವನು!"

ಇನ್‌ಸ್ಪೆಕ್ಟರ ಮುಖ ಅರಳಿತು. ಮುಂದಿನ ಭಾನುವಾರವೇ ಒಲೆ ಎಣಿಕೆ ಎಂದು ಗೊತ್ತಾಯಿತು. ಒಳಗೆ ಲೋಟಗಳ ಸದ್ದು ನಿಂತಿತ್ತು. ಆ ಮೌನವನ್ನು ನಾನು ಗಮನಿಸಬೇಕಾಗಿತ್ತು.

ಒಲೆ ಎಂಬುದು ಸಾಮಾನ್ಯ ವಸ್ತುವಲ್ಲ. ನಮ್ಮಜ್ಜಿಯಿಂದ ಕನ್ನಡ ಕಲಿತವನು ನಾನು. ಇಸ್ಕೂಲಿನಲ್ಲಿ ತಮಿಳು, ಮನೆಯಲ್ಲಿ ಅಜ್ಜಿ. ಆಕೆ ಹೊಸ ಊರಿಗೆ ಹೋದರೆ ಮೊದಲು ಕೇಳುತ್ತಿದ್ದದ್ದು "ಒಲೆ ಯಾವ ದಿಕ್ಕಿಗೈತೆ?" ಎಂದು. ಒಲೆಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ಬೆಳಿಗ್ಗೆ ಸಾರಿಸಿ ರಂಗೋಲಿ ಎಳೆ ಬಿಡಬೇಕು. ಅಂಥ ದೇವರನ್ನು ಹಿಡಿದು, ಹಾಜರಿ ಪುಸ್ತಕದಲ್ಲಿ ಹೆಸರು ಕೂಗಿದ ಹಾಗೆ ಎಣಿಸಲು ಹೊರಟರೆ ದೇವರು ಸುಮ್ಮನಿರುತ್ತಾನೆಯೇ?

ಎಣಿಕೆಯ ದಿನ ಬೆಳಿಗ್ಗೆ ಮುಖ ತೊಳೆಯಲು ಹಿತ್ತಲಿಗೆ ಹೋದವನು ಬಾಗಿಲಲ್ಲೇ ನಿಂತೆ. ಸೀಮೆಣ್ಣೆ ಸ್ಟೌವು, ಇದ್ದಿಲ ಕುಮ್ಮಟಿ, ಹಲಗೆಯ ಮೇಲೆ ಹೊತ್ತು ತಂದ ಮಣ್ಣಿನ ಒಲೆ, ಮರದ ಹೊಟ್ಟು ತುಂಬುವ ತಗಡಿನ ಒಲೆ, ಇಡೀ ಕಾಲೊನಿಯ ಎರಡನೇ ಒಲೆಗಳು ನಮ್ಮ ತುಳಸಿಯ ಸುತ್ತ ಪಂಕ್ತಿಗೆ ಕೂತಿದ್ದವು.

"ಇದೇನೇ ಇದು?"

"ಸೆಕ್ರೆಟರಿ ಮನೇನ ಯಾರು ನೋಡ್ತಾರೆ? ಒಂದು ಗಳಿಗೆ ಇಟ್ಟಿರಿ ಅಕ್ಕಾ ಅಂದ್ರು, ಇಟ್ಕೊಂಡೆ. ಬಂದು ಬೇಡೋರಿಗೆ ಇಲ್ಲ ಅನ್ನಕಾಗ್ತದಾ?" ಎಂದು ಅವಳು ನನ್ನ ಒಗೆದ ಹಾಸುಬಟ್ಟೆಯನ್ನೇ ಅವುಗಳ ಮೇಲೆ ಹೊದಿಸಿದಳು.

ನಾನು ಕೂಗಾಡುವಷ್ಟರಲ್ಲಿ ಬೀದಿಯಲ್ಲಿ ಮುನಿರಾಮಯ್ಯನವರ ಕೆಮ್ಮು ಕೇಳಿಸಿತು. ಎಣಿಕೆ ಶುರುವಾಗಿತ್ತು. ಮನೆಯಾದ ಮೇಲೆ ಮನೆ, ಒಂದೇ ಒಲೆ, ಒಂದೇ ಒಲೆ. "ನೋಡಿದಿರಾ ಸಾರ್, ನಮ್ಮ ಕಾಲೊನಿ ಚಿನ್ನ!" ಎಂದು ಪ್ರೆಸಿಡೆಂಟರು ಹಿಗ್ಗಿದರು. ಸುಬ್ಬಣ್ಣ ಬನಿಯನ್ನಿನಲ್ಲಿ ಕೈ ಮುಗಿದ. ನಾನು ನಮ್ಮ ಮನೆ ದಾಟಿಸಿ ಮುಂದೆ ನಡೆದೆ.

ಕೆಂಪಮ್ಮಕ್ಕನ ಮನೆಯಲ್ಲೂ ಒಂದೇ ಒಲೆ. ಆದರೆ ಅದು ಕೆಂಪಮ್ಮಕ್ಕನದಲ್ಲ. ಅಡಿಗೆಮನೆಯಲ್ಲಿದ್ದದ್ದು ಸೆಲ್ವಿಯ ಸೀಮೆಣ್ಣೆ ಸ್ಟೌವು. ಕೆಂಪಮ್ಮಕ್ಕ ನೆಲಕ್ಕೇ ಕೂಡಿಸಿ ಕಟ್ಟಿದ್ದ ಮಣ್ಣಿನ ಒಲೆಯ ಜಾಗದಲ್ಲಿ ಕರಿ ಹತ್ತಿದ ಹೆಂಟೆಗಳು ಬಿದ್ದಿದ್ದವು. ಆಗಿದ್ದಿಷ್ಟು: ಎರಡು ಒಲೆ ಕಂಡರೆ ತಾನು ಅವ್ವ ಎನ್ನುವ ಕೆಂಪಮ್ಮಕ್ಕನ ಮನೆ ಹೋಗುತ್ತದೆ ಎಂದು ಮುರುಗೇಸನಿಗೆ ಗೊತ್ತಾಗಿದೆ. ಅವ್ವ ಕಾರಿಮಂಗಲದಲ್ಲಿ. ಮಣ್ಣಿನ ಒಲೆಯನ್ನು ಎತ್ತಿಕೊಂಡು ಹೋಗಲು ಬರುವುದಿಲ್ಲ. ಸ್ಟೌವನ್ನೇ ಸಾಗಿಸಬಹುದಿತ್ತೆಂದು ಹೊಳೆಯದೆ ಪುಣ್ಯಾತ್ಮ ಜಾಕಿಯ ಕಂಬಿಯಿಂದ ಅದನ್ನು ಒಡೆದು ಹಾಕಿ, ಉಪಕಾರ ಮಾಡಿದ ತೃಪ್ತಿಯಲ್ಲಿ ಲಾರಿ ಹತ್ತಿ ಹೋಗಿದ್ದಾನೆ! ಕೆಂಪಮ್ಮಕ್ಕ ಈ ಮನೆಯಲ್ಲಿ ಬದುಕುತ್ತಿದ್ದಾಳೆ ಎಂಬುದಕ್ಕಿದ್ದ ಒಂದೇ ಸಾಕ್ಷಿಯನ್ನು ಆಕೆಯ ಹಿತೈಷಿಯೇ ಪುಡಿ ಮಾಡಿದ್ದ.

ಇನ್‌ಸ್ಪೆಕ್ಟರು ಸ್ಟೌವು ನೋಡಿದರು, ತುಂಬು ಬಸುರಿ ಸೆಲ್ವಿಯನ್ನು ನೋಡಿದರು. "ಹಾಗಾದರೆ ಇಲ್ಲಿ ಅಡಿಗೆ ಮಾಡುವವರು ನೀವು. ಮಾಲೀಕರು ಇಲ್ಲಿಲ್ಲ" ಎಂದು ತಮಿಳಿನಲ್ಲಿ ಹೇಳಿ ಪೆನ್ನಿನ ಮುಚ್ಚಳ ತೆಗೆದರು. ನಾನು ಇಲ್ಲ ಸಾರ್, ಇದ್ದಾರೆ ಸಾರ್, ಕುರಿ ಸಾರ್ ಎಂದೆಲ್ಲ ತೊದಲಿದೆ. ಕುರಿಗೂ ವಾಸಕ್ಕೂ ಏನು ಸಂಬಂಧವೆಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆ.

ಆಗ ಬಾಗಿಲಲ್ಲಿ ಕೆಂಪಮ್ಮಕ್ಕ ಬಂದು ನಿಂತಳು. ಬಸ್ಸಿಳಿದು ನೇರವಾಗಿ ಬಂದಿದ್ದಳು. ಕಂಕುಳಲ್ಲಿ ಗಂಟು, ಸೆರಗಿನಲ್ಲಿ ಕುರಿವಾಸನೆ. ಆಕೆ ಇನ್‌ಸ್ಪೆಕ್ಟರನ್ನು ನೋಡಲಿಲ್ಲ, ನನ್ನನ್ನು ನೋಡಲಿಲ್ಲ. ಹೆಂಟೆಗಳನ್ನು ನೋಡಿದಳು.

"ಯಾವನ್ಲಾ ಅವ್ನು ನನ್ ಒಲೆ ಒಡ್ದೋನು? ಅವ್ನ್ ಕೈ ಸೇದೋಗ! ನಮ್ಮೆಜಮಾನ್ರು ಉತ್ತದ ಮಣ್ ಓತ್ಕೊಂಡ್ ಬಂದು ಕೊಟ್ಟಿದ್ರು ಕಣ್ರಲಾ, ನಾನ್ ಕೈಯಾರೆ ಇಕ್ಕಿದ್ ಒಲೆ! ಎದ್ರೆ ಅದ್ರ ಮೊಕಾನೇ ನೋಡ್ತಿದ್ದೆ. ಇದ್ಯಾವ್ದು, ಈ ತಗಡು! ಇದ್ರ ಮ್ಯಾಲೆ ಮುದ್ದೆ ತಿರುವಕ್ಕಾಯ್ತದೇನ್ಲಾ?"

"ಅವ್ವಾ, ಅವರು ತೆರಿಯಾಮ ಪಣ್ಣಿಟ್ಟಾರು" ಎಂದು ಸೆಲ್ವಿ ಅಳತೊಡಗಿದಳು. ಗೊತ್ತಿಲ್ಲದೆ ಮಾಡಿಬಿಟ್ಟರು ಎಂದು.

"ಬರ್ಲಿ ಅವ್ನು! ನೀ ಅಳ್ಬ್ಯಾಡ, ಒಟ್ಟೇಲಿರೋದು ಎದ್ರುಕೋತದೆ." ಬೈಯುತ್ತಲೇ ಆಕೆ ಸೀರೆ ಎತ್ತಿ ಕಟ್ಟಿ ನೆಲಕ್ಕೆ ಕೂತು ಹೆಂಟೆ ಕುಟ್ಟತೊಡಗಿದಳು. ಇನ್‌ಸ್ಪೆಕ್ಟರ ಕಡೆ ತಿರುಗಿ, "ಮರದಂಗೆ ನಿಂತವ್ನೆ ನೋಡು. ಆ ತಣ್ಣೀರ್ ಚೊಂಬು ಎತ್ಕೊಡಪ್ಪ" ಎಂದಳು. ತಣ್ಣೀರು ಅವರಿಗೂ ಅರ್ಥವಾಗುವ ಮಾತು. ಫೈಲನ್ನು ಕಿಟಕಿಯಲ್ಲಿಟ್ಟು ನೀರು ಹುಯ್ದರು. ಕೆಸರು ಪ್ಯಾಂಟಿಗೆ ಹಾರಿತು.

"ಈ ಹೆಣ್ಣುಮಗಳು ನಿಮಗೆ ಏನಾಗಬೇಕು ಅಂತ ಕೇಳಿ" ಎಂದರು ನನಗೆ. ಕೇಳಿದೆ.

"ಮಗ್ಳು! ಬಾಡಿಗ್ಯೋಳಾಗಿದ್ರೆ ಇಷ್ಟೊತ್ಗೆ ಬೀದೀಲಿರ್ತಿದ್ಲು!"

"ಎನ್ನ ಸೊಲ್ರಾಂಗ?" ಏನು ಹೇಳುತ್ತಾರೆ ಎಂದರು ಇನ್‌ಸ್ಪೆಕ್ಟರು.

"ಮಗಳಂತೆ ಸಾರ್" ಎಂದೆ. ಮಿಕ್ಕಿದ್ದಕ್ಕೆ ನನ್ನ ತಮಿಳು ಸಾಲದಾಯಿತು.

ಅವರು ಬಹಳ ಹೊತ್ತು ಆ ಕೆಸರು ಕೈಗಳನ್ನೇ ನೋಡುತ್ತಿದ್ದರು. "ನಾನೂ ಬಾಡಿಗೆ ಮನೆಯಲ್ಲೇ ಇರೋದು ಸಾರ್" ಎಂದರು ಮೆಲ್ಲಗೆ. "ನನ್ನ ಒಲೆ ಹೋದರೆ ಹೀಗೆ ಬೈಯುವವರು ಯಾರೂ ಇಲ್ಲ." ಆಮೇಲೆ ಫೈಲಿನಲ್ಲಿ ಬರೆದರು: ಮಾಲೀಕರು ಖುದ್ದಾಗಿ ವಾಸವಿದ್ದಾರೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಗೌರವಸ್ಥನಾಗಿ ಉಳಿಯುತ್ತಿದ್ದೆ. ಆದರೆ ಅವರು ಪ್ಯಾಂಟು ತೊಳೆಯಬೇಕೆಂದರು. ನಲ್ಲಿಯಲ್ಲಿ ನೀರಿಲ್ಲ ಎಂದೆ. ಇದೆ ಎಂದರು ಮುನಿರಾಮಯ್ಯನವರು. ಕೈ ಹಿಡಿದು ನಮ್ಮ ಹಿತ್ತಲಿಗೇ ಕರೆದೊಯ್ದರು. ಹೊಟ್ಟಿನ ಒಲೆಯ ಗುಣ ನಿಮಗೆ ಗೊತ್ತಿರಬೇಕು. ಆರಿತೆಂದು ಕಂಡರೂ ಒಳಗೇ ಮಿಣುಗುಡುತ್ತಿರುತ್ತದೆ. ನನ್ನ ಹಾಸುಬಟ್ಟೆಯ ನಡುವಿನಿಂದ ನೀಲಿ ಹೊಗೆ ಹೋಮದ ಹಾಗೆ ಏಳುತ್ತಿತ್ತು. ಇನ್‌ಸ್ಪೆಕ್ಟರು ಬಟ್ಟೆಯ ತುದಿ ಎತ್ತಿದರು.

"ಸೆಕ್ರೆಟರಿ ಸಾರ್, ಉಂಗ ವೀಟ್ಲ ಒರು ಊರೇ ಕುಡಿ ಇರುಕ್ಕು ಪೋಲಿರುಕ್ಕೆ!" ನಿಮ್ಮ ಮನೆಯಲ್ಲಿ ಒಂದು ಊರೇ ಬಾಡಿಗೆಗಿರುವ ಹಾಗಿದೆಯಲ್ಲ ಎಂದು. ಪ್ರೆಸಿಡೆಂಟರು ಆಕಾಶ ನೋಡಿದರು. ನನ್ನ ಹೆಂಡತಿ ಮಾತ್ರ ಒಂದಿಷ್ಟೂ ಅಳುಕದೆ, "ಎಲ್ಲ ನಮ್ಮವೇ. ಸೆಕ್ರೆಟರಿ ಕೆಲಸ ನೋಡಿ, ಇವರಿಗೆ ಹಸಿವು ಜಾಸ್ತಿ" ಎಂದಳು.

ಕಾಲೊನಿಗೆಲ್ಲ ಸೇರಿ ಒಂದೇ ನೋಟೀಸು ಬಂತು, ನನಗೆ. ಷರತ್ತನ್ನು ಅಕ್ಷರಶಃ ಪಾಲಿಸಿ, ಬಾಡಿಗೆಗೆ ಒಂದು ಗೂಡನ್ನೂ ಕೊಡದೆ ಕೂತಿದ್ದ ಏಕೈಕ ಮೂರ್ಖ ನಾನು. ಸಮಜಾಯಿಷಿ ಬರೆದುಕೊಟ್ಟು, ಅದರ ಜೊತೆಗೇ ಸೆಕ್ರೆಟರಿ ಕೆಲಸಕ್ಕೆ ರಾಜೀನಾಮೆಯನ್ನೂ ಕೊಟ್ಟೆ. ಸುಬ್ಬಣ್ಣ ಸೆಕ್ರೆಟರಿಯಾದ. ಸಭೆಗೆ ಬನಿಯನ್ನಿನಲ್ಲಿ ಬಂದ.

ಹೊಸ ಒಲೆ ಒಣಗುವ ತನಕ ಕೆಂಪಮ್ಮಕ್ಕ ಸೆಲ್ವಿಯ ಸ್ಟೌವಿನ ಅನ್ನವನ್ನೇ ಮೂತಿ ತಿರುವಿಕೊಂಡು ಉಂಡಳು. ಒಣಗಿದ ಮೇಲೆ ಅದರ ಮೇಲೆ ಮೊದಲು ಕಾದದ್ದು ಸೆಲ್ವಿಯ ಬಾಣಂತಿ ನೀರು. ಹೆಣ್ಣು ಮಗು. ನಮ್ಮ ಎರಡು ಹಿತ್ತಲ ನಡುವೆ ಮೋಟು ಗೋಡೆಯಷ್ಟೇ ಇದ್ದದ್ದು. ಆ ಮಗು ಮಾತು ಕಲಿತ ಮೇಲೆ ಒಂದು ಮಧ್ಯಾಹ್ನ ನಾನು ಹಲ್ಲುಕಡ್ಡಿ ಕಚ್ಚಿಕೊಂಡು ನಿಂತಿದ್ದಾಗ, ಅದು ತಟ್ಟೆ ಹಿಡಿದು ಅಡಿಗೆಮನೆಯ ಬಾಗಿಲಿಗೆ ಬಂತು. ಒಳಗೆ ಮುದ್ದೆ ತಿರುವುವ ಕೋಲಿನ ಸದ್ದು.

"ಹೌಸ್ ಓನರ್ ಅವ್ವಾ," ಎಂದು ಕರೆಯಿತು, "ಮುದ್ದೆ!"

"ಬಂದೆ ಕಣೇ, ಇರೇ" ಎಂದಳು ಕೆಂಪಮ್ಮಕ್ಕ.