ಒಬ್ಬಳಿಗೆ ಎರಡು ರೋಸ್

ಹಿರಿಯಡ್ಕದಿಂದ ಕಾರ್ಕಳದ ಕಡೆಗೆ ಹೋಗುವಾಗ ಸ್ವಲ್ಪ ಒಳಗೆ ಸಿಗುವ ಆ ಊರಿನಲ್ಲಿ ಕ್ರಿಸ್ತುವರ ಮನೆಯಲ್ಲಿ ಯಾರಾದರೂ ಕಣ್ಣು ಮುಚ್ಚಿದರೆ ಮೊದಲ ಫೋನು ಕೊಂಚಿಬಾಯಿಗೆ, ಎರಡನೆಯದು ಪಾದ್ರಿಗಳಿಗೆ. ಕಾನ್ಸೆಪ್ಟಾ ಎಂಬ ಅವಳ ನಿಜವಾದ ಹೆಸರು ಇಗರ್ಜಿಯ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಕೊಂಕಣಿಯವರಿಗೆ ಅವಳು ಕೊಂಚಿಬಾಯಿ, ತುಳುವರಿಗೆ ಬಾಯಮ್ಮ. ಅರುವತ್ತೊಂದು ವರ್ಷ, ಮದುವೆಯಾಗಿಲ್ಲ, ಬಿಪಿ, ಊದಿದ ಕಾಲು. ಆದರೂ ಫೋನು ಬಂದರೆ ಕುದಿಯುವ ಗಂಜಿಯನ್ನು ಹಾಗೆಯೇ ಇಳಿಸಿ ಹೊರಟುಬಿಡುತ್ತಿದ್ದಳು. ಹೆಣಕ್ಕೆ ಬಿಸಿನೀರು ಹಾಕಿ, ಮೈ ಒರೆಸಿ, ದವಡೆ ಜೋಲದಂತೆ ಬಟ್ಟೆ ಕಟ್ಟಿ, ಒಳ್ಳೆಯ ಉಡುಪು ತೊಡಿಸಿ, ಬೆರಳುಗಳಿಗೆ ಜಪಮಾಲೆ ಸುತ್ತುವ ತನಕ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಯಾರಾದರೂ ಗ್ಲೌಸ್ ಕೊಟ್ಟರೆ ಸಿಟ್ಟು ಬರುತ್ತಿತ್ತು.

"ಇದು ಯೇಸುವಿನ ಮೈ ಅಲ್ವಾ? ಯೇಸುವನ್ನು ಗ್ಲೌಸ್ ಹಾಕಿ ಮುಟ್ಲಿಕ್ಕೆ ಆಗ್ತದಾ?"

ಈ ಕೆಲಸ ಅವಳಿಗೆ ಅಂಟಿಕೊಂಡ ಬಗೆಯನ್ನೂ ಹೇಳಬೇಕು. ಇಪ್ಪತ್ತಾರು ವರ್ಷಗಳ ಹಿಂದೆ ಅವಳ ತಮ್ಮ ಜಾರ್ಜ್‌ನ ಹೆಂಡತಿ ಸಿಸಿಲಿಯಾ ಹೆತ್ತ ಹನ್ನೊಂದನೆಯ ದಿನ ತೀರಿಹೋದಳು. ಬಾಣಂತಿಯ ಹೆಣ ನೋಡಿ ಹೆಂಗಸರು ಜಗಲಿ ದಾಟಲಿಲ್ಲ. ಸಿಸಿಲಿಯಾಳ ಬೆನ್ನಿಗೆ ಬಿದ್ದ ಸ್ವಂತ ತಂಗಿ ಗ್ಲ್ಯಾಡಿಸ್ ಕೂಡ ಮೂಗಿಗೆ ಕರವಸ್ತ್ರ ಹಿಡಿದು ಅಂಗಳದಲ್ಲೇ ಅಳುತ್ತಾ ನಿಂತಳು. ಕೊಂಚಿಬಾಯಿ ಒಬ್ಬಳೇ ಒಳಗೆ ಹೋದಳು. ಪಕ್ಕದ ಕೋಣೆಯಲ್ಲಿ ಕೂಸು ಚೀರುತ್ತಿತ್ತು. ತಾಯಿಗೆ ಸ್ನಾನ ಮಾಡಿಸಿ, ಕೈ ತೊಳೆದುಕೊಂಡು, ಅದೇ ಕೈಯಲ್ಲಿ ಕೂಸನ್ನು ಎತ್ತಿಕೊಂಡಳು. ಆ ಕೂಸೇ ವಿಲ್ಮಾ. ಜಾರ್ಜ್ ಮಸ್ಕತ್ತಿಗೆ ಹಿಂದಿರುಗಿದ. ಮಗುವಿಗೆ ಹಾಲು, ಜ್ವರಕ್ಕೆ ಕಷಾಯ, ಶಾಲೆಗೆ ಜಡೆ, ಮಣಿಪಾಲದ ಕಾಲೇಜಿಗೆ ಹೋಗುವಾಗ ಬೆಳಿಗ್ಗೆ ಆರಕ್ಕೆ ಬುತ್ತಿ, ಎಲ್ಲವೂ ಕೊಂಚಿಬಾಯಿಯ ಪಾಲಿಗೆ ಬಂತು. ಹುಡುಗಿ ಅವಳನ್ನು ಮಾಮಿ ಎಂದು ಕರೆಯುತ್ತಿದ್ದಳು.

ಕಳೆದ ವರ್ಷ ಇಗರ್ಜಿಯ ಹಬ್ಬದಲ್ಲಿ ಅವಳಿಗೆ ಸನ್ಮಾನವೂ ಆಯಿತು. ಶಾಲು, ಹಣ್ಣಿನ ಬುಟ್ಟಿ. ವಾಳೆಯ, ಅಂದರೆ ಇಗರ್ಜಿಯ ವಾರ್ಡಿನ, ಮುಖಂಡ ಗುರ್ಕಾರ ರೇಮಂಡ್ ಸನ್ಮಾನಪತ್ರ ಓದಿದ: "ಇವರ ಕೈಗಳು ಕ್ರಿಸ್ತನ ಕೈಗಳು!" ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಊಟಕ್ಕೆ ಕುಳಿತಾಗ ಅವಳ ಎಡಬಲದ ಕುರ್ಚಿಗಳು ಖಾಲಿ. ಮದುವೆ ಮನೆಗಳಲ್ಲಿ ತರಕಾರಿ ಹೆಚ್ಚಲು ಕುಳಿತರೆ "ನಿಮಗೆ ಬಿಪಿ ಉಂಟಲ್ಲ, ರೆಸ್ಟ್ ಮಾಡಿ" ಎಂದು ಕೈಯಿಂದ ಕತ್ತಿ ತೆಗೆದುಕೊಳ್ಳುತ್ತಿದ್ದರು. ಏನು ಕಾಳಜಿ, ಏನು ಕಾಳಜಿ! ಅವಳಿಗೆ ಅರ್ಥವಾಗುತ್ತಿರಲಿಲ್ಲ ಎಂದುಕೊಳ್ಳಬೇಡಿ. ದೇವರಿಗೆ ಒಪ್ಪಿಸಿ ಸುಮ್ಮನಿದ್ದಳು, ಅಷ್ಟೇ.

ಆದರೆ ಒಂದು ಆಸೆಯನ್ನು ಮಾತ್ರ ಅವಳು ದೇವರಿಗೂ ಒಪ್ಪಿಸಿರಲಿಲ್ಲ. ವಿಲ್ಮಾಳ ರೋಸ್. ಮದುವೆಯ ಹಿಂದಿನ ದಿನ ಮದುಮಗಳನ್ನು ಕುಳ್ಳಿರಿಸಿ, ಹಣೆಗೆ ತೆಂಗಿನ ಹಾಲಿನಿಂದ ಶಿಲುಬೆಯ ಗುರುತು ಹಾಕಿ, ತಲೆಗೆ ಹಾಲು ಹಚ್ಚಿ ಹರಸುವ ಶಾಸ್ತ್ರ ಅದು. ಮೊದಲು ಹಚ್ಚುವ ಹಕ್ಕು ಹೆತ್ತವರದು. ತಾಯಿ ಇಲ್ಲದ ಹುಡುಗಿಗೆ ತಾಯಿಯ ಜಾಗದಲ್ಲಿ ನಿಂತು ಹಚ್ಚುವವಳು ತಾನೇ ಎಂದು ಕೊಂಚಿಬಾಯಿ ಇಪ್ಪತ್ತಾರು ವರ್ಷ ನಂಬಿಕೊಂಡು ಬಂದಿದ್ದಳು.

ಕಾಪುವಿನ ಹುಡುಗನೊಂದಿಗೆ ಮದುವೆ ಗೊತ್ತಾಯಿತು. ಮಸ್ಕತ್ತಿನಿಂದ ಜಾರ್ಜ್, ಬಹರೈನಿನಿಂದ ಗ್ಲ್ಯಾಡಿಸ್ ಬಂದಿಳಿದರು. ಎರಡನೆಯ ದಿನವೇ ಅಡುಗೆಮನೆಯಲ್ಲಿ ಗ್ಲ್ಯಾಡಿಸ್ ಜಾರ್ಜ್‌ನ ಹತ್ತಿರ ಹೇಳಿದ್ದು ಹಿಂದಿನ ಕೋಣೆಯಲ್ಲಿದ್ದ ಕೊಂಚಿಬಾಯಿಯ ಕಿವಿಗೆ ಬಿತ್ತು.

"ಮೊನ್ನೆಯಷ್ಟೇ ಒಂದು ಹೆಣ ತೊಳೆದು ಬಂದ ಕೈ, ಭಾವ. ಅದನ್ನು ಮದುಮಗಳ ತಲೆ ಮೇಲೆ ಇಡುದಾ? ಗಂಡಿನ ಕಡೆಯವರು ಎಂತ ಹೇಳಿಯಾರು?"

ಗಂಡಿನ ಕಡೆಯವರು ಏನನ್ನೂ ಹೇಳಿರಲಿಲ್ಲ. ಜಾರ್ಜ್ ಪಾದ್ರಿಗಳನ್ನು ಕೇಳಿದ. ಅವರು ಬೈದು ಕಳುಹಿಸಿದರು: "ಇದೆಲ್ಲ ಮೂಢನಂಬಿಕೆ. ಮೊದಲ ರೋಸ್ ಕೊಂಚಿಬಾಯಿಯೇ ಹಚ್ಚಬೇಕು." ವಾರದ ನಂತರ ಜಾರ್ಜ್ ನಗುನಗುತ್ತಾ ಅಕ್ಕನ ಕೋಣೆಗೆ ಬಂದ.

"ಬಾಯಿ, ರೋಸ್ ಮನೆಯಲ್ಲೇ, ಮಧ್ಯಾಹ್ನ ಮೂರು ಗಂಟೆಗೆ. ಪಾದ್ರಿಗಳು ಹೇಳಿದ ಹಾಗೆ ನೀನೇ ಮೊದಲು. ಸಂಜೆ ಉಡುಪಿಯ ಹಾಲ್‌ನಲ್ಲಿ ಊಟ, ಡ್ಯಾನ್ಸು ಮಾತ್ರ. ಡಿಜೆ ಗಲಾಟೆ ನಿನಗೆ ಆಗ್ಲಿಕ್ಕಿಲ್ಲ, ಮನೆಯಲ್ಲೇ ಇರು. ಮರುದಿನ ಮದುವೆಗೆ ಇಗರ್ಜಿಗೆ ಬಂದರೆ ಸಾಕು."

ಕೊಂಚಿಬಾಯಿಗೆ ಕಣ್ಣೀರು ಬಂತು. ಗ್ಲ್ಯಾಡಿಸಳ ಮಾತಿಗೆ ತಾನು ಮನಸ್ಸಿನಲ್ಲೇ ಕೊಟ್ಟ ಉತ್ತರಗಳಿಗಾಗಿ ಶನಿವಾರ ಪಾಪನಿವೇದನೆಯನ್ನೂ ಮಾಡಿ ಬಂದಳು. ಪಾಪ!

ರೋಸಿನ ದಿನ ಮೂರು ಗಂಟೆಗೆ ಪಡಸಾಲೆಯಲ್ಲಿ ಒಂದು ಸ್ಟೂಲು, ಒಂದು ಸಣ್ಣ ಬಟ್ಟಲಿನಲ್ಲಿ ತೆಂಗಿನ ಹಾಲು. ವಿಲ್ಮಾ ಹಳೆಯ ನೈಟಿಯಲ್ಲಿ ಬಂದು ಕುಳಿತಳು. ಹೊಸ ಬಟ್ಟೆ ಎಲ್ಲಿ ಎಂದರೆ "ಹಾಳಾಗ್ತದೆ ಮಾಮಿ" ಎಂದಳು. ಜಾರ್ಜ್, ಗ್ಲ್ಯಾಡಿಸ್, ಗುರ್ಕಾರ ರೇಮಂಡ್ ಮೂವರೇ ನಿಂತಿದ್ದರು. ಹಾಡಿಲ್ಲ, ವಾದ್ಯವಿಲ್ಲ. ಕೊಂಚಿಬಾಯಿ ಹೆಬ್ಬೆರಳನ್ನು ಹಾಲಿನಲ್ಲಿ ಅದ್ದಿ ಹುಡುಗಿಯ ಹಣೆಗೆ ಶಿಲುಬೆ ಬರೆದಳು. ಎರಡೂ ಅಂಗೈಯಲ್ಲಿ ಹಾಲು ತೆಗೆದುಕೊಂಡು ನೆತ್ತಿಗೆ ಹಚ್ಚಿದಳು. ಸಿಸಿಲಿಯಾಳ ಹೆಸರು ಹೇಳಿ ಅತ್ತಳು. ವಿಲ್ಮಾಳ ಕಣ್ಣಲ್ಲೂ ನೀರಿತ್ತು. ಅದು ಎಂಥ ನೀರು ಎಂದು ದೇವರೇ ಹೇಳಬೇಕು. ಕೊಂಚಿಬಾಯಿಯ ನಂತರ ಬೇರೆ ಯಾರೂ ಹಚ್ಚಲಿಲ್ಲ. ಈಗಿನ ಕಾಲದ ಶಾಸ್ತ್ರ ಚಿಕ್ಕದು ಎಂದುಕೊಂಡು ಅವಳು ಆ ಸಂಗತಿಯನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಬಚ್ಚಲಿನಲ್ಲಿ ನೀರು ಬೀಳುವ ಸದ್ದು ತುಂಬ ಹೊತ್ತು ಕೇಳಿತು. "ಇನ್ನೊಂದು ಸಲ ಶ್ಯಾಂಪೂ ಹಾಕು" ಎಂದು ಗ್ಲ್ಯಾಡಿಸ್ ಹೊರಗಿನಿಂದ ಹೇಳುತ್ತಿದ್ದಳು. ನಾಲ್ಕೂವರೆಗೆ ಎಲ್ಲರೂ ಕಾರು ಹತ್ತಿ ಉಡುಪಿಗೆ ಹೋದರು.

ಆರು ಗಂಟೆಗೆ ಅಂಗಳದಲ್ಲಿ ದೂಮಪ್ಪನ ರಿಕ್ಷಾ ಬಂದು ನಿಂತಿತು. ಕೊರೊನಾದ ಸಮಯದಲ್ಲಿ ಅವನ ತಾಯಿ ವಯಸ್ಸಾಗಿಯೇ ಸತ್ತರೂ ನೆಂಟರು ಗೇಟು ದಾಟದೆ ಹೋದಾಗ, ಆ ಮುದುಕಿಗೆ ಸ್ನಾನ ಮಾಡಿಸಿದವಳು ಕೊಂಚಿಬಾಯಿ. ಅಂದಿನಿಂದ ಅವಳ ಮಾತನ್ನು ಅವನು ಮೀರುತ್ತಿರಲಿಲ್ಲ.

"ಬಾಯಮ್ಮ, ಫ್ರಿಜ್ಜಿನಲ್ಲಿ ತೆಂಗಿನ ಹಾಲಿನ ದೊಡ್ಡ ಪಾತ್ರೆ ಉಂಟಂತೆ. ಗಡಿಬಿಡಿಯಲ್ಲಿ ಬಿಟ್ಟು ಹೋಗಿದ್ದಾರೆ. ಹಾಲ್‌ಗೆ ಬೇಗ ತರ್ಲಿಕ್ಕೆ ಹೇಳಿದ್ರು."

"ತೆಂಗಿನ ಹಾಲು ಅಲ್ಲಿ ಎಂತಕ್ಕೆ? ರೋಸ್ ಆಯ್ತಲ್ಲ ಮಾರಾಯ."

"ಎಲ್ಲಿ ಆಯ್ತು? ಏಳು ಗಂಟೆಗೆ ಅಲ್ವಾ ರೋಸ್? ಕಾರ್ಡಿನಲ್ಲಿ ಹಾಗೇ ಉಂಟು."

ಜೇಬಿನಿಂದ ಮಡಚಿದ ಕಾರ್ಡು ತೆಗೆದು ತೋರಿಸಿದ. ಅವಳಿಗೆ ಯಾರೂ ಕಾರ್ಡು ಕೊಟ್ಟಿರಲಿಲ್ಲ. ಮನೆಯವಳಿಗೆ ಕಾರ್ಡು ಯಾಕೆ ಎಂದು ಅವಳೂ ಕೇಳಿರಲಿಲ್ಲ. ಒಬ್ಬ ಹುಡುಗಿಗೆ ಎರಡು ರೋಸ್ ಎಂಬುದನ್ನು ಅವಳು ಹುಟ್ಟಿದ ಮೇಲೆ ಕೇಳಿದ್ದಿಲ್ಲ. ನೈಟಿ ಯಾಕೆ, ಶ್ಯಾಂಪೂ ಯಾಕೆ, ಎಲ್ಲ ಒಟ್ಟಿಗೆ ತಿಳಿಯಿತು. ಪಾದ್ರಿಗಳ ಮಾತು ನಡೆಸಿದಂತೆಯೂ ಆಯಿತು, ಅವಳ ಕೈಯನ್ನು ತೊಳೆದು ಹಾಕಿದಂತೆಯೂ ಆಯಿತು. ಏನು ಬುದ್ಧಿ ಇವರದು!

ಪಾತ್ರೆಯನ್ನು ಅವಳೇ ಎತ್ತಿಕೊಂಡು ರಿಕ್ಷಾ ಹತ್ತಿದಳು. ತಿರುವಿನಲ್ಲಿ ಹಾಲು ತುಳುಕಿ ಸೀರೆ ಒದ್ದೆಯಾಯಿತು. ವಿಲ್ಮಾಳಿಗೆ ಇದೊಂದೂ ಗೊತ್ತಿರಲಿಕ್ಕಿಲ್ಲ, ಕೇಳಿದರೆ ಅವಳು ಬೇಡ ಎನ್ನುವವಳಲ್ಲ. ದಾರಿಯುದ್ದಕ್ಕೂ ಆ ನಂಬಿಕೆಯನ್ನೇ ಹಿಡಿದುಕೊಂಡು ಕುಳಿತಿದ್ದಳು.

ಹಾಲ್ ತುಂಬ ಜನ. ವಿಲ್ಮಾ ಹೊಸ ಬಟ್ಟೆಯಲ್ಲಿ ವೇದಿಕೆಯ ಮೇಲೆ ಕುಳಿತಿದ್ದಳು. ರೇಮಂಡ್ ಮೈಕಿನಲ್ಲಿ ಹೇಳುತ್ತಿದ್ದ: "ಇನ್ನೇನು ಮೊದಲ ರೋಸ್, ತಾಯಿಯ ಸ್ಥಾನದಲ್ಲಿ ನಮ್ಮ ಗ್ಲ್ಯಾಡಿಸ್ ಬಾಯಿ..." ಪಾತ್ರೆ ಹಿಡಿದು ನಡುವಿನ ದಾರಿಯಲ್ಲಿ ಬರುತ್ತಿದ್ದ ಕೊಂಚಿಬಾಯಿಯನ್ನು ನೋಡಿ ಅವನು ಮಾತನ್ನು ಅರ್ಧಕ್ಕೇ ಬಿಟ್ಟು ಮೈಕನ್ನು ವಿಲ್ಮಾಳ ಎದುರಿನ ಸ್ಟ್ಯಾಂಡಿಗೆ ಸಿಕ್ಕಿಸಿದ. ಗ್ಲ್ಯಾಡಿಸ್ ವೇದಿಕೆಯ ಮೆಟ್ಟಿಲಿಗೆ ಅಡ್ಡ ಬಂದಳು.

"ಅದನ್ನು ನೀವು ಮುಟ್ಟಿದ್ದು ಎಂತಕ್ಕೆ? ದೂಮಪ್ಪನಿಗೆ ಹೇಳಿದ್ದಲ್ವಾ ನಾವು?"

ಕೊಂಚಿಬಾಯಿ ಮೆಟ್ಟಿಲ ಬುಡದಲ್ಲೇ ನಿಂತಳು. ಸುತ್ತ ನೋಡಿದಳು. ಆ ಸಾಲಿನಲ್ಲಿ ಕುಳಿತವರ ಅಪ್ಪ, ಈ ಸಾಲಿನಲ್ಲಿ ಕುಳಿತವರ ಅಮ್ಮ, ರೇಮಂಡನ ಸ್ವಂತ ತಾಯಿ, ಎಲ್ಲರ ಮೈಯನ್ನೂ ಅವಳು ಒರೆಸಿದ್ದಳು. ಒಬ್ಬರಾದರೂ ಎದ್ದು ನಿಲ್ಲಬೇಡವೇ? ಕೆಲವರು ಮೊಬೈಲು ನೋಡಿದರು, ಕೆಲವರು ಮಕ್ಕಳ ಕಾಲರು ಸರಿಮಾಡಿದರು.

"ನೀನೇ ಹೇಳು ಮಗಾ," ಎಂದು ವಿಲ್ಮಾಳನ್ನು ಕೇಳಿದಳು. "ನಾನು ತಂದ ಹಾಲು ಉಂಟು. ಹಚ್ಚಲಾ?"

ವಿಲ್ಮಾ ಮಾಮಿಯ ಮುಖ ನೋಡಲಿಲ್ಲ. ಪಾತ್ರೆಯ ಅಂಚಿನಲ್ಲಿ ಹಾಲಿಗೆ ತಾಗಿಕೊಂಡಿದ್ದ ಎರಡು ಹೆಬ್ಬೆರಳುಗಳನ್ನು ನೋಡಿದಳು. ಆಮೇಲೆ ಅಪ್ಪನ ಕಡೆ ಬಾಗಿ ಮೆಲ್ಲಗೆ ಹೇಳಿದಳು. ಮೆಲ್ಲಗೆ ಹೇಳಿದರೇನು, ಎದುರಿಗಿದ್ದ ಮೈಕಿನಲ್ಲಿ ಕೊನೆಯ ಸಾಲಿನವರಿಗೂ ಕೇಳಿತು.

"ಡ್ಯಾಡಿ, ಇಲ್ಲಿ ಅಂಗಡಿಯಲ್ಲಿ ಪ್ಯಾಕೆಟಿನ ತೆಂಗಿನ ಹಾಲು ಸಿಗುದಿಲ್ವಾ?"

ಕೊಂಚಿಬಾಯಿ ಪಾತ್ರೆಯನ್ನು ಮೆಟ್ಟಿಲ ಮೇಲೆ ಇಟ್ಟಳು. ಅಳು ಬರಲಿಲ್ಲ. ತಾನು ಎತ್ತಿ ಆಡಿಸಿದ ಕೂಸೇ ಹೀಗೆಂದಿತಲ್ಲ ಎಂಬ ನೋವಿಗೆ ಅಳುವಷ್ಟು ಜಾಗವೂ ಇರಲಿಲ್ಲ. ಬಂದ ದಾರಿಯಲ್ಲೇ ಹಿಂದೆ ನಡೆದಳು. ಜಾರ್ಜ್ ಓಡೋಡಿ ಬಾಗಿಲಿನ ತನಕ ಬಂದ. ಅಕ್ಕನನ್ನು ಸಮಾಧಾನ ಮಾಡದೆ ಕಳುಹಿಸುವಷ್ಟು ಕೆಟ್ಟವನೇನೂ ಅಲ್ಲ ಅವನು.

"ಬೇಜಾರು ಮಾಡ್ಬೇಡ ಬಾಯಿ. ಇದು ಒಂದು ದಿನದ ವಿಷಯ. ನಾಳೆ ನಾನು ಸತ್ತರೆ ನೀನೇ ಬಂದು ಎಲ್ಲ ಮಾಡ್ಬೇಕು, ಆಯ್ತಾ? ಅದಕ್ಕೆ ಯಾರೂ ಬೇಡ ಅನ್ಲಿಕ್ಕಿಲ್ಲ."

ಅವನು ಅದನ್ನು ಪ್ರೀತಿಯಿಂದಲೇ ಹೇಳಿದ್ದ. ಒಬ್ಬರಿಗೂ ಕೆಡುಕು ನುಡಿಯದ ಕೊಂಚಿಬಾಯಿ ತಮ್ಮನನ್ನು ತಲೆಯಿಂದ ಕಾಲಿನವರೆಗೆ, ಅಳತೆ ತೆಗೆಯುವವಳ ಹಾಗೆ, ನಿಧಾನವಾಗಿ ನೋಡಿದಳು.

"ಬರ್ತೇನೆ ಜಾರ್ಜ್," ಎಂದಳು. "ಬೇಗ ಕರಿ."