ಬಾವುಟಕ್ಕೆ ಇಟ್ಟ ಅರಿಶಿನ

ಬಾವುಟದ ವಿಷಯದಲ್ಲಿ ನನಗಿದ್ದ ಸೊಕ್ಕು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಅರವತ್ತರ ದಶಕದ ಮೊದಮೊದಲು. ಬಂಗಾರಪೇಟೆಯಿಂದ ದಿನಾ ರೈಲು ಹತ್ತಿ ಕೋಲಾರದ ಚಿನ್ನದ ಗಣಿಗಳ ಪಕ್ಕದ ಆಂಡರ್ಸನ್‌ಪೇಟೆಯ ಹೆಣ್ಣುಮಕ್ಕಳ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದೆ. ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ, ಬಾವುಟದ ಜವಾಬ್ದಾರಿ ನನ್ನ ಪಾಲಿಗೆ ಬಂತು. ಹೆಡ್‌ಮಾಸ್ಟರು ನಿಯಮಗಳ ತೆಳ್ಳನೆಯ ಪುಸ್ತಕವೊಂದನ್ನು ಕೈಗಿಟ್ಟರು. ಕೇಸರಿ ಮೇಲಿರಬೇಕು, ನೆಲಕ್ಕೆ ತಾಗಬಾರದು, ಸೂರ್ಯ ಮುಳುಗುವಾಗ ಇಳಿಸಬೇಕು, ಹಳತಾದರೆ ಯಾರ ಕಣ್ಣಿಗೂ ಬೀಳದಂತೆ ಸುಡಬೇಕು. ಎಲ್ಲ ಬಾಯಿಪಾಠ ಮಾಡಿದೆ. ಸಾಲದ್ದಕ್ಕೆ ಪುಸ್ತಕದಲ್ಲಿಲ್ಲದ ನಾಲ್ಕು ನಿಯಮ ನಾನೇ ಸೇರಿಸಿಕೊಂಡೆ. ಎಡಗೈಯಲ್ಲಿ ಬಾವುಟ ಮುಟ್ಟಿದಳೆಂದು ಐದನೇ ಕ್ಲಾಸಿನ ಹುಡುಗಿಯ ಬೆರಳ ಗೆಣ್ಣಿಗೆ ಸ್ಕೇಲಿನಿಂದ ಹೊಡೆದಿದ್ದೇನೆ.

ಶಾಲೆಗೆ ಒಬ್ಬಳು ಆಯಾ ಇದ್ದಳು. ಬಂಗಾರಪೇಟೆ ಕಡೆಯ ಹಳ್ಳಿಯವಳು, ವಯಸ್ಸು ನಲವತ್ತರ ಹತ್ತಿರ. ಅವಳ ಗಂಡ ನಂದಿದುರ್ಗ ಗಣಿಯಲ್ಲಿ ಕಲ್ಲಿನ ಧೂಳು ಕುಡಿದು ಎದೆ ಹಾಳಾಗಿ ಹಾಸಿಗೆ ಹಿಡಿದಿದ್ದ. ಆರು ವರ್ಷದಿಂದ ಅವಳದು ಟೆಂಪರರಿ ಕೆಲಸ. ಈ ಸಲ ಜನವರಿ ಇಪ್ಪತ್ತಾರಕ್ಕೆ ಬರುವ ಸ್ಕೂಲ್ ಇನ್ಸ್‌ಪೆಕ್ಟರು ಒಂದು ಸಹಿ ಹಾಕಿದರೆ ಕಾಯಂ, ಹಾಕದಿದ್ದರೆ ತಿಂಗಳ ಕೊನೆಗೆ ಮನೆಗೆ. “ಟೀಚರಮ್ಮ, ನಂದೂ ಒಂದ್ ಮಾತೇಳಿ ಅವ್ರಿಗೆ” ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. “ಆಯ್ತಮ್ಮಾ, ತಲೆ ತಿನ್ಬೇಡ” ಎನ್ನುತ್ತಿದ್ದೆ.

ಆ ವರ್ಷ ಹೊಸ ಖಾದಿ ಬಾವುಟ ಬಂತು. ಬಣ್ಣ ಹೋಗಿ ಅಂಚು ಹರಿದಿದ್ದ ಹಳೆಯದನ್ನು ಇಪ್ಪತ್ನಾಲ್ಕರ ಸಂಜೆ ಶಾಲೆಯ ಹಿಂದೆ ನಿಯಮದಂತೆ ಸುಟ್ಟೆವು. ಹೊಸದಕ್ಕೆ ಇಸ್ತ್ರಿ ಮಾಡಿಡು ಎಂದು ಆಯಾ ಕೈಗೆ ಕೊಟ್ಟು ನಾನು ರೈಲಿಗೆ ಓಡಿದೆ.

ಮಾರನೆಯ ಬೆಳಿಗ್ಗೆ ಬಿಚ್ಚಿ ನೋಡುತ್ತೇನೆ, ಬಿಳಿ ಪಟ್ಟಿಯ ಅಂಚಿನಲ್ಲಿ ಕಡಲೆಬೇಳೆಯಷ್ಟು ಅರಿಶಿನ! ನನ್ನ ಮೈಯೆಲ್ಲ ಉರಿದುಹೋಯಿತು.

“ಯಾರೇ ಮಾಡಿದ್ದು ಇದು?”

“ನಾನೇ ಟೀಚರಮ್ಮ” ಎಂದಳು, ಶಭಾಷ್ ಎನ್ನುತ್ತೇನೆ ಎಂಬ ಮುಖ ಮಾಡಿಕೊಂಡು. “ಒಸ ಬಟ್ಟೆ ಅಲ್ವಾ? ಅರಿಶ್ನ ಮುಟ್ಟಿಸ್ದೆ ಯಾರಾನ ಉಟ್ಕೊಂತಾರಾ? ನಮ್ಮನೇಲಿ ಕೂಸಿನ ಲಂಗಕ್ಕೂ ಇಕ್ತೀವಿ. ಇದು ದೇಸದ್ದು, ಇದಕ್ಕಿಕ್ದೆ ಬಿಡಾಕಾಯ್ತದಾ?”

ಬಾಯಿಗೆ ಬಂದಂತೆ ಬೈದೆ. ಹಳ್ಳಿ ಗುಗ್ಗು ಎಂದೆ. ನಿನ್ನಂಥವರ ಕೈಗೆ ಪೊರಕೆ ಬಿಟ್ಟು ಬೇರೇನೂ ಕೊಡಬಾರದು ಎಂದೆ. ಅವಳ ಮುಖ ಕಪ್ಪಿಟ್ಟಿತು. ಆದರೂ ಬುದ್ಧಿ ಅವಳಿಗೇ ಇತ್ತು. ನಾನು ಸೋಪು ತೆಗೆದುಕೊಂಡಾಗ ಓಡಿ ಬಂದು ಕೈ ಹಿಡಿದಳು.

“ಸೋಪು ಆಕ್ಬ್ಯಾಡ್ರಮ್ಮ, ಕೆಂಪಾಯ್ತದೆ. ಸಂಜೆಗಂಟ ಬಿಸಿಲಾಗೆ ಅರವಿದ್ರೆ ಸಾಕು, ತಾನೇ ಓಗ್ತದೆ.”

“ಬಾವುಟಾನ ನಿನ್ನ ಸೀರೆ ಥರ ಹಗ್ಗದ ಮೇಲೆ ಒಣಗಿಹಾಕ್ಬೇಕಾ? ಕೈ ಬಿಡೇ!”

ಸೋಪು ತಿಕ್ಕಿದೆ. ಕಡಲೆಬೇಳೆಯಷ್ಟಿದ್ದ ಹಳದಿ ಕೆಂಪಗಾಗಿ, ಹರಡಿ, ಅಂಗೈಯಗಲ ಆಯಿತು. ನೀರು ಹಾಕಿದಷ್ಟೂ ಹರಡಿತು. ಬೇರೆ ಬಾವುಟವಿಲ್ಲ, ಹಳೆಯದು ಬೂದಿ. ಮನೆಗೆ ಒಯ್ದು ಒಳಗೇ ಕದ್ದು ಒಣಗಿಸಿ, ಕಲೆ ಒಳಗೆ ಬರುವಂತೆ ಮಡಿಸಿ, ನಡುವೆ ಹೂ ಇಟ್ಟು ಕಟ್ಟಿದೆ. ಅಷ್ಟು ಎತ್ತರಕ್ಕೆ ಹೋದ ಮೇಲೆ ಯಾರಿಗೆ ಕಾಣುತ್ತೆ ಎಂದುಕೊಂಡೆ.

ಕಂಡಿತು. ಇಪ್ಪತ್ತಾರರ ಬೆಳಿಗ್ಗೆ ಇನ್ಸ್‌ಪೆಕ್ಟರು ಹಗ್ಗ ಎಳೆದರು, ಹೂ ಉದುರಿತು, ಗಾಳಿಗೆ ಬಾವುಟ ಅಗಲವಾಗಿ ಬಿಚ್ಚಿಕೊಂಡಿತು. ಬಿಳಿಯ ಮೇಲೆ ಗಾಯದ ಹಾಗೆ ಆ ಕೆಂಪು. ರಾಷ್ಟ್ರಗೀತೆ ಮುಗಿಯುವವರೆಗೆ ಅವರು ಅದನ್ನೇ ನೋಡುತ್ತಿದ್ದರು.

“ಏನ್ರೀ ಇದು? ಯಾರು ಮಾಡಿದ್ದು?”

ಹೆಡ್‌ಮಾಸ್ಟರು ನನ್ನ ಕಡೆ ತಿರುಗಿದರು. ನನಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. “ಆಯಾ ಅರಿಶಿನ ಹಚ್ಚಿದಳು ಸಾರ್. ಹೇಳದೆ ಕೇಳದೆ” ಎಂದೆ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ ನೋಡಿ. ಅದೇ ನನ್ನ ಜಾಣತನ.

“ನಿಮ್ಮೂರ ಮಾರಮ್ಮನ ಸೀರೆ ಅಂದ್ಕೊಂಡ್ಯಾ ಇದನ್ನ?” ಎಂದರು ಇನ್ಸ್‌ಪೆಕ್ಟರು. ಮಕ್ಕಳು ಕಿಸಕ್ಕನೆ ನಕ್ಕರು. ನಾನೂ ನಕ್ಕೆ.

ಅವಳು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. “ಟೀಚರಮ್ಮ, ಸೋಪಿನ ಇಸ್ಯ ಏಳ್ರಮ್ಮ” ಎಂದಳು ಮೆಲ್ಲಗೆ.

“ಎದುರು ಮಾತಾಡ್ತೀಯಾ? ಬಾಯ್ಮುಚ್ಚು” ಎಂದೆ.

ಆಫೀಸು ರೂಮಿನಲ್ಲಿ ಇನ್ಸ್‌ಪೆಕ್ಟರು ಅವಳ ಕಾಗದದ ಮೇಲೆ ಗೀಟು ಎಳೆದು, ಕಾಫಿ ಕುಡಿದು, ಮಧ್ಯಾಹ್ನದ ರೈಲಿಗೆ ಹೊರಟರು. ಬಾಗಿಲ ಹೊರಗೆ ನಿಂತಿದ್ದವಳಿಗೆ ವಿಷಯ ಹೇಳಿದ್ದು ನಾನೇ. ಅವಳು ಅಳಲಿಲ್ಲ. ಕಾಫಿ ಲೋಟ ತೊಳೆಯಲು ಹೋದಳು.

ದಿನವಿಡೀ ಬಿಸಿಲು ಚುರುಗುಟ್ಟಿತು. ಸಂಜೆ ಬಾವುಟ ಇಳಿಸಲು ಇದ್ದವರು ನಾವಿಬ್ಬರೇ. ನೆಲಕ್ಕೆ ತಾಗಬಾರದಲ್ಲ, ಆಯಾ ಕೆಳಗೆ ಎರಡೂ ಕೈ ಒಡ್ಡಿ ಹಿಡಿದುಕೊಂಡಳು. ಮಡಿಸಲು ಒಂದು ತುದಿ ನಾನು ಹಿಡಿದೆ, ಒಂದು ತುದಿ ಅವಳು. ಬಿಳಿ ಪಟ್ಟಿಯಲ್ಲಿ ಕಲೆ ಹುಡುಕಿದೆ. ಸಿಗಲಿಲ್ಲ. ತಿರುಗಿಸಿ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ. ಬಿಸಿಲು ಎಲ್ಲವನ್ನೂ ತಿಂದುಹಾಕಿತ್ತು.

“ಏಳಿದ್ನಲ್ಲಮ್ಮ” ಎಂದಳು. ಅಷ್ಟೇ.

ಹೆಡ್‌ಮಾಸ್ಟರು ಇನ್ನೂ ಆಫೀಸಿನಲ್ಲೇ ಇದ್ದರು, ಇಪ್ಪತ್ತು ಹೆಜ್ಜೆ ದೂರ. ಬಾವುಟ ಹಿಡಿದು ಹೋಗಿ, ಸೋಪು ಹಾಕಿದವಳು ನಾನು ಸಾರ್ ಎಂದಿದ್ದರೆ ಅವರು ಇನ್ಸ್‌ಪೆಕ್ಟರಿಗೆ ಒಂದು ಕಾಗದ ಬರೆಯುತ್ತಿದ್ದರು. ಅವಳೂ ಆ ಬಾಗಿಲನ್ನೇ ನೋಡುತ್ತಿದ್ದಳು. ನಾನು ಬಾವುಟವನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದು, ರೈಲಿಗೆ ಹೊತ್ತಾಯಿತೆಂದು ಹೊರಟೆ.

ಮುಂದಿನ ಜನವರಿಗೆ ಅದೇ ಬಾವುಟ ಏರಿತು. ಹಗ್ಗದ ಹತ್ತಿರ ಬೇರೆ ಆಯಾ ನಿಂತಿದ್ದಳು. ಇನ್ಸ್‌ಪೆಕ್ಟರು ತಲೆಯೆತ್ತಿ ನೋಡಿ, “ಹೊಸದು ತಂದ್ರಾ? ಬಹಳ ಚೆನ್ನಾಗಿ ಇಟ್ಕೊಂಡಿದ್ದೀರಿ ಟೀಚರ್” ಎಂದರು.

“ಹೌದು ಸಾರ್” ಎಂದೆ.